ಗೋಡೆಗೆ ಎರಡು ಏಟು

ಆ ಅಜ್ಜಿಗೆ ಕೊನೆಗೂ ಕಣ್ತುಂಬ ನಿದ್ದೆ ಬಂತು, ಇದು ನಡೆದ ಸಂಗತಿ, ಒಂದಕ್ಷರ ಸುಳ್ಳಿದ್ದರೆ ಈ ಚಳಿಗಾಲ ಮುಗಿಯುವ ತನಕ ನನ್ನ ಕಂಬಳಿ ನನ್ನ ಕಾಲು ಮುಟ್ಟದಿರಲಿ.

ಆದರೆ ಬೆಳಿಗ್ಗೆ ಹತ್ತೂವರೆಗೆ ಅವಳ ಅಳಿಯ ಮಲಗುವ ಕೋಣೆಯ ಬಾಗಿಲಿಗೆ ಭುಜ ಕೊಟ್ಟು ತಳ್ಳುತ್ತಿದ್ದ. ಬಾಗಿಲು ಅಲುಗಲಿಲ್ಲ, ಭುಜ ಅಲುಗಿತು. ಅಜ್ಜಿ ಒಳಗಿನಿಂದ ಬೀಗ ತಿರುಗಿಸಿಕೊಂಡು ಕೂತಿದ್ದಳು. ಮಂಚದ ಮೇಲೆ ಅವಳ ಗಂಡ ಇಸ್ತ್ರಿ ಅಜ್ಜ ಮಲಗಿದ್ದ. ಅವನು ತೀರಿಕೊಂಡು ಮೂರು ದಿನವಾಗಿತ್ತು. ದೂರದ ಊರಿನಿಂದ ಮಗಳು ಬರಲೆಂದು ಕಾದಿದ್ದರು. ಬಕೆಟ್ಟಿನ ನೀರನ್ನು ಸುತ್ತಿಗೆಯಲ್ಲಿ ಒಡೆದು ಮುಖ ತೊಳೆಯುವಂಥ ಚಳಿ ಅದು, ಹಾಗಾಗಿ ಕಾಯುವುದು ಅಜ್ಜನಿಗೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಅಜ್ಜಿಗೆ. ಮೂರು ರಾತ್ರಿ ಅವಳು ರೆಪ್ಪೆ ಮುಚ್ಚಿರಲಿಲ್ಲ.

"ಅತ್ತೆ, ಗಾಡಿ ಬಂದು ಮುಕ್ಕಾಲು ಗಂಟೆ ಆಯ್ತು. ಡ್ರೈವರ್ ಮೂರನೇ ಟೀ ಕುಡೀತಿದಾನೆ," ಅಂದ ಅಳಿಯ.

"ನಾಲ್ಕನೇದೂ ಕೊಡಿ."

"ಸ್ಮಶಾನದವರು ಒಂದು ಗಂಟೆಗೆ ಗೇಟ್ ಹಾಕ್ತಾರಂತೆ."

"ಹಾಕ್ಲಿ. ನಲವತ್ತೊಂದು ಚಳಿಗಾಲ ಇವರು ನಂಗೆ ಒಂದೇ ಕತೆ ಹೇಳಿದ್ರು. ಅದರ ಕೊನೆ ಏನಂತ ನಿಮ್ಮಲ್ಲಿ ಯಾರಾದ್ರೂ ಹೇಳಿ, ತೆಗೀತೀನಿ. ಆ ಮನುಷ್ಯ ಮನೆ ಸೇರಿದ್ನಾ ಇಲ್ವಾ? ಅಷ್ಟು ಹೇಳಿ ಸಾಕು."

ಹೊರಗಿದ್ದವರು ಮುಖ ಮುಖ ನೋಡಿಕೊಂಡರು. ಮಗಳಿದ್ದಳು, ಅಜ್ಜನ ತಂಗಿ ಇದ್ದಳು, ಅಜ್ಜನ ಜತೆ ಲಾಂಡ್ರಿಯಲ್ಲಿ ಮೂವತ್ತು ವರ್ಷ ಗಂಜಿ ಹಾಕುತ್ತಿದ್ದ ಗಂಜಿಯಕ್ಕ ಇದ್ದಳು. ಗಂಜಿಯಕ್ಕನ ಕೋಟು ಹೊಟ್ಟೆಯ ಹತ್ತಿರ ಉಬ್ಬಿತ್ತು. ಒಳಗೆ ಬಿಳಿ ಹೊದಿಕೆಯೊಂದನ್ನು ಮಡಿಸಿ ಇಟ್ಟುಕೊಂಡಿದ್ದಳು. ಲಾಂಡ್ರಿಯವರು ಸತ್ತರೆ ಆಗಷ್ಟೇ ಇಸ್ತ್ರಿ ಮಾಡಿದ ಹೊದಿಕೆ ಹೊದಿಸಿ ಕಳಿಸುವುದು ಅವರ ಪದ್ಧತಿ, ಅದರ ಬಿಸಿ ಆರುವುದರೊಳಗೆ ಹೊದಿಸಬೇಕು.

"ಬೇಗ ಏನಾದ್ರೂ ಮಾಡ್ರಪ್ಪಾ," ಅಂದಳು ಗಂಜಿಯಕ್ಕ. "ಇದು ತಣ್ಣಗಾದ್ರೆ ಅಲ್ಲಿಗೆ ಹೋದ್ಮೇಲೂ ಅಣ್ಣ ನನ್ನ ಬೈತಾರೆ."

*

ಇಸ್ತ್ರಿ ಅಜ್ಜನ ಮನೆಯಲ್ಲಿ ಬೆಚ್ಚಗಿದ್ದದ್ದು ಅದೊಂದೇ ಕೋಣೆ. ಚಳಿಗಾಲ ಬಂತೆಂದರೆ ಎಲ್ಲರೂ ಆ ಒಂದೇ ಮಂಚಕ್ಕೆ ಬಂದು ಬೀಳುತ್ತಿದ್ದರು. ಹೆಂಡತಿ, ಮಗಳು, ಇನ್ನೂ ಮದುವೆಯಾಗದಿದ್ದ ತಂಗಿ. ಅಜ್ಜ ಗೋಡೆಗೆ ತಲೆ ಆನಿಸಿ ಕೂತುಕೊಳ್ಳುತ್ತಿದ್ದ. ಹಗಲೆಲ್ಲ ಹೋಟೆಲುಗಳ ಹಾಸಿಗೆ ಬಟ್ಟೆ ಉಜ್ಜಿದ ಕೈಗಳಿಂದ ಇನ್ನೂ ಹಬೆಯ ವಾಸನೆ ಬರುತ್ತಿತ್ತು. ಅಂಗೈಗಳು ಎಷ್ಟು ಬಿಸಿಯೆಂದರೆ ಮಗಳ ಕಾಲ್ಚೀಲವನ್ನು ಎರಡು ಕೈ ನಡುವೆ ಹಿಡಿದು ಒಣಗಿಸಿಬಿಡುತ್ತಿದ್ದ.

ಕತೆ ಒಂದೇ. ಒಬ್ಬ ಮನುಷ್ಯನಿಗೆ ಚಳಿಗಾಲದ ಸಂಜೆ ಕೊನೇ ಬಸ್ ತಪ್ಪುತ್ತದೆ, ಅವನು ಮನೆಗೆ ನಡೆದು ಹೊರಡುತ್ತಾನೆ. ದಾರಿಯಲ್ಲಿ ಬೇಕರಿ. ಬೇಕರಿಯವನು ಬಿಸಿ ಬ್ರೆಡ್ಡು ಕೊಡುತ್ತಾನೆ, ಅದನ್ನು ತಿನ್ನದೆ ಕೋಟಿನೊಳಗೆ ಎದೆಗೆ ಇಟ್ಟುಕೊಳ್ಳುತ್ತಾನೆ. ಬ್ರೆಡ್ಡಿನ ವಾಸನೆಗೆ ಒಂದು ನಾಯಿ ಜತೆಯಾಗುತ್ತದೆ. ಆಮೇಲೆ ಸೇತುವೆ. ಕೆಳಗೆ ಹೊಳೆ ಹೆಪ್ಪುಗಟ್ಟಿ, ಹಾರುತ್ತಿದ್ದ ಮೀನುಗಳು ಹಾರಿದ ಹಾಗೆಯೇ ನಿಂತಿರುತ್ತವೆ. ಅಜ್ಜ ಹೇಳುತ್ತಿದ್ದ ರೀತಿಯೋ, ಮುದುಡಿದ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಹೋಗಿ ಬಂದ ಹಾಗೆ, ಒಂದೊಂದು ಸುಕ್ಕೂ ಹೋಗುವ ಹಾಗೆ. ಬೇಕರಿ ಬರುವಷ್ಟರಲ್ಲಿ ಮಗಳು ಮಲಗಿರುತ್ತಿದ್ದಳು, ಸೇತುವೆ ದಾಟುವಷ್ಟರಲ್ಲಿ ತಂಗಿ.

ಎಲ್ಲರಿಗಿಂತ ದೂರ ಹೋದವಳು ಹೆಂಡತಿ. ಒಂದೇ ಒಂದು ಸಲ, ಹಲ್ಲುನೋವಿನ ಪುಣ್ಯದಿಂದ, ಅವಳು ಸೇತುವೆ ದಾಟಿ ಆ ಮನುಷ್ಯನ ಮನೆ ಬಾಗಿಲ ತನಕ ಎಚ್ಚರವಿದ್ದಳು. ಬಾಗಿಲ ಮುಂದೆ ಅವನು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಬೀಗದ ಕೈ ಇಲ್ಲ. ಅಷ್ಟರಲ್ಲಿ ಹಲ್ಲುನೋವು ನಿಂತುಹೋಯಿತು.

ಬೆಳಿಗ್ಗೆ ಕೇಳಿದರೆ ಅಜ್ಜ, "ಹಗಲು ಹೇಳಿದ್ರೆ ಅದು ಕತೆ ಅಲ್ಲ ಕಣೇ, ವರದಿ. ರಾತ್ರಿ ಕೇಳು," ಅನ್ನುತ್ತಿದ್ದ. ಕೊನೆಯ ರಾತ್ರಿ ಮಾತ್ರ ಅವನೇ ಹೇಳಿದ್ದ: "ಇವತ್ತು ಪೂರ್ತಿ ಹೇಳ್ತೀನಿ, ಎಚ್ಚರವಾಗಿರು." ಅವಳು ಎಚ್ಚರವಾಗಿರಲಿಲ್ಲ. ಬೆಳಿಗ್ಗೆ ಕೈ ಮುಟ್ಟಿದಾಗ ಮೊದಲ ಬಾರಿಗೆ ಆ ಕೈ ತಣ್ಣಗಿತ್ತು.

*

"ನೀನು ಎಲ್ಲೀತನಕ ಕೇಳಿದೀಯಾ?" ಮಗಳು ಗಂಡನನ್ನು ಪಿಸುಮಾತಿನಲ್ಲಿ ಕೇಳಿದಳು.

"ಮದುವೆಯಾದ ಹೊಸದರಲ್ಲಿ ಒಂದ್ಸಲ ಕೂತಿದ್ದೆ. ಬಸ್ ತಪ್ಪಿತು. ಆಮೇಲೆ ಬೆಳಗಾಯ್ತು."

"ಗಂಜಿಯಕ್ಕ, ನೀವು?"

"ನನ್ನ ಕೇಳ್ಬೇಡಮ್ಮ. ಒಂದು ಮಧ್ಯಾಹ್ನ ಊಟದ ಹೊತ್ತಲ್ಲಿ ಅಣ್ಣ ಇದನ್ನ ಶುರು ಮಾಡಿದ್ರು. ನಾವು ಕೈ ತೊಳ್ಕೊಂಡು ಬರೋಷ್ಟರಲ್ಲಿ ಬಸ್ ತಪ್ಪಿತ್ತು. ಹನ್ನೊಂದು ಜನ ಬಿಸಿ ಬಟ್ಟೆ ರಾಶಿ ಮೇಲೆ ಮಲಗಿಬಿಟ್ವಿ. ಬೈಯೋಕೆ ಅಂತ ಸಾಹುಕಾರರು ಬಂದ್ರು, ಬಾಗಿಲಲ್ಲಿ ನಿಂತು ಒಂದ್ನಿಮಿಷ ಕೇಳಿದ್ರು, ಅವರೂ ಬಿದ್ಕೊಂಡ್ರು. ಸಂಜೆ ಬೀಟ್ ಪೊಲೀಸ್ ಬಂದು ಎಬ್ಬಿಸಿದ."

ಅಳಿಯ ಗಂಟಲು ಸರಿಮಾಡಿಕೊಂಡು ಬಾಗಿಲ ಹತ್ತಿರ ಹೋದ. "ಅತ್ತೆ, ಈಗ ಜ್ಞಾಪಕ ಬಂತು. ಅವನು ಮನೆ ಸೇರಿದ. ಊಟ ಮಾಡಿ ಮಲಗಿದ."

"ಬೀಗದ ಕೈ ಎಲ್ಲಿತ್ತು?"

"ಬೀಗದ ಕೈ... ಶೂ ಒಳಗಿತ್ತು."

"ಸುಳ್ಳು. ಸೇತುವೆ ಮೇಲೆ ಎರಡು ಶೂನೂ ಬಿಚ್ಚಿ ಕೊಡವಿದ್ದ."

"ಅದು ಹೌದು," ಅಂದಳು ಅಜ್ಜನ ತಂಗಿ. "ಅಷ್ಟು ನಾನೂ ಕೇಳಿದೀನಿ."

"ನೀವು ಯಾರ ಕಡೆ ಇದೀರಾ?" ಅಂದ ಅಳಿಯ.

ಮಗಳು ಬಾಗಿಲಿಗೆ ಹಣೆ ಹಚ್ಚಿದಳು. "ಅಮ್ಮ, ಅಪ್ಪನ್ನ ಕಳಿಸಿಕೊಡೋಣ. ನೀನು ಒಂದು ಗಂಟೆ ಮಲಗು. ನಿನ್ನ ಕಣ್ಣು ನೋಡಿದ್ರೆ ನಂಗೆ ಭಯ ಆಗುತ್ತೆ."

"ನಿದ್ದೆ ಮಾಡಿದ್ದು ಸಾಕು ಕಣೇ," ಅಂದಳು ಅಜ್ಜಿ. ದನಿ ಬಾಗಿಲ ಬುಡದಿಂದ ಬಂತು, ಅಲ್ಲೇ ನೆಲದ ಮೇಲೆ ಕೂತಿದ್ದಿರಬೇಕು. "ನಲವತ್ತೊಂದು ವರ್ಷ ಅದನ್ನೇ ಮಾಡಿದೀನಿ. ಅವರು ಹೋಗೋವಾಗ್ಲೂ ಅದನ್ನೇ ಮಾಡ್ತಿದ್ದೆ."

ಗಂಜಿಯಕ್ಕ ಕೋಟಿನೊಳಗೆ ಕೈ ಹಾಕಿ ನೋಡಿ, "ಉಗುರು ಬೆಚ್ಚಗಿದೆ," ಅಂದಳು.

"ಬೀಗದವನನ್ನ ಕರೀಲೇಬೇಕು," ಅಂದ ಅಳಿಯ.

ಅಜ್ಜನ ತಂಗಿ ತಲೆ ಅಡ್ಡ ಆಡಿಸಿದಳು. ಆ ಬೀದಿಗೆ ಬೀಗದವನು ಒಬ್ಬನೇ. ಅವನು ಇದ್ದದ್ದು ಪಕ್ಕದ ಮನೆಯಲ್ಲಿ, ಇದೇ ಕೋಣೆಯ ಗೋಡೆಯಾಚೆ. ಹದಿನೇಳು ವರ್ಷದಿಂದ ಅಜ್ಜಿ ಅವನ ಮುಖ ನೋಡಿರಲಿಲ್ಲ.

*

ಜಗಳಕ್ಕೆ ಕಾರಣ ಗೋಡೆ. ಬೀಗದವನು ಒಂಟಿ ಆಸಾಮಿ, ಮಾತು ಕಡಿಮೆ, ಮುಖ ಸದಾ ತುಕ್ಕು ಹಿಡಿದ ಬೀಗದ ಹಾಗೆ. ಅವನು ಆ ಮನೆಗೆ ಬಂದ ಮೊದಲ ಚಳಿಗಾಲದಿಂದಲೇ ಅದು ಶುರುವಾಯಿತು. ಎಲ್ಲರೂ ಮಂಚ ಸೇರಿ, ಕಂಬಳಿ ಎಳೆದಾಡುತ್ತಿರುವಾಗ, ಗೋಡೆಯಾಚೆಯಿಂದ ಠಕ್, ಠಕ್, ಎರಡು ಏಟು. ದಿನಾ. ಗಡಿಯಾರ ಇಟ್ಟ ಹಾಗೆ.

"ನೋಡಿ, ಇವನಿಗೆ ನಾವು ಉಸಿರಾಡಿದ್ರೂ ಆಗಲ್ಲ," ಎಂದು ಅಜ್ಜಿ ಎದ್ದು ಕೂತು ಗೋಡೆಯ ಕಡೆ ತಿರುಗಿ ಶುರುಮಾಡುತ್ತಿದ್ದಳು. "ನಿನ್ನ ಕೈಗೆ ಹುಣ್ಣಾಗ. ನಿನ್ನ ಮನೆ ಬೀಗ ನಿನಗೇ ತೆಗೆಯೋಕೆ ಬರದೆ ಹೋಗ. ನಿಂಗೆ ನಿದ್ದೆ ಇಲ್ಲ ಅಂತ ನಮಗೂ ಬೇಡ್ವಾ?" ಅರ್ಧ ನಿಮಿಷ ಬೈದು, ಬೈದ ತೃಪ್ತಿಯಲ್ಲಿ ಕಂಬಳಿ ಎಳೆದುಕೊಂಡು ಬೀಳುತ್ತಿದ್ದಳು. ಅಷ್ಟು ಹೊತ್ತಿಗೆ ಕತೆಯ ಮನುಷ್ಯನಿಗೆ ಬಸ್ ತಪ್ಪಿರುತ್ತಿತ್ತು. ಅವಳು ಬೈಯುವಾಗ ಅಜ್ಜ ಯಾಕೆ ಅಷ್ಟು ನಗುತ್ತಿದ್ದ ಎಂದು ಯಾರೂ ಕೇಳಲಿಲ್ಲ.

*

ಬೀಗದವನು ಸಲಕರಣೆಯ ಚೀಲ ಹಿಡಿದು ಬಂದ. ಯಾರ ಮುಖವನ್ನೂ ನೋಡದೆ ಬಾಗಿಲ ಮುಂದೆ ಮಂಡಿಯೂರಿ, ಬೀಗದ ಕಿಂಡಿಯಲ್ಲಿ ಇಣುಕಿದ.

"ಬೀಗದ ಕೈ ಒಳಗಡೆಯಿಂದ ಸಿಕ್ಕಿಸಿದೆ. ಒಡೀಬೇಕು. ಒಳ್ಳೇ ಬೀಗ, ಪಾಪ."

"ಎಷ್ಟೊತ್ತಾಗುತ್ತೆ?" ಅಂದ ಅಳಿಯ.

"ಒಳಗಿರೋರಿಗೆ ಏನು ಬೇಕಂತೆ?"

ಮಗಳು ಹೇಳಿದಳು. ಕತೆಯ ಕೊನೆ ಬೇಕಂತೆ, ಬಸ್ ತಪ್ಪಿದ ಮನುಷ್ಯ ಮನೆ ಸೇರಿದನೋ ಇಲ್ಲವೋ ಗೊತ್ತಾಗಬೇಕಂತೆ. ಹೇಳುವಾಗ ಅವಳಿಗೇ ನಾಚಿಕೆಯಾಯಿತು.

ಬೀಗದವನು ಸ್ವಲ್ಪ ಹೊತ್ತು ಚೀಲದ ಬಾಯಿಯ ದಾರ ಎಳೆಯುತ್ತ ಕೂತ. ಆಮೇಲೆ ಬೆರಳು ಮಡಚಿ ಬಾಗಿಲಿಗೆ ಬಡಿದ. ಠಕ್, ಠಕ್.

ಮೂರು ದಿನದಿಂದ ಸತ್ತಂತಿದ್ದ ದನಿ ಒಳಗಿನಿಂದ ಎದ್ದು ಬಂತು. "ಇವತ್ತೂ ಬಂದ್ಯಾ? ನಿನ್ನ ಕೈಗೆ ಹುಣ್ಣಾಗ. ನಿನ್ನ ಮನೆ ಬೀಗ..."

"ಅಮ್ಮಾವ್ರೇ, ಇದೊಂದ್ಸಲ ಬೈಬೇಡಿ. ಕೇಳಿಸ್ಕೊಳ್ಳಿ. ನೀವು ಬೈಯೋ ಹೊತ್ತಿಗೆ ಸರಿಯಾಗಿ ಅವರು ಹೇಳ್ತಿದ್ದ ಮಾತು ಒಂದಿದೆ."

ಬೀಗದವನು ಬಾಯಿಯನ್ನು ಬೀಗದ ಕಿಂಡಿಯ ಹತ್ತಿರ ತಂದ.

"ನಾನು ಬಡೀತಿದ್ದದ್ದು ಸುಮ್ನಿರಿ ಅಂತಲ್ಲ. ನಾನು ಮಲಗಿದೀನಿ, ಶುರು ಮಾಡಿ ಅಂತ. ನಂಗೂ ನಿದ್ದೆ ಬರ್ತಿರ್ಲಿಲ್ಲ, ಅವರೇ ಹೇಳಿದ್ರು, ರಾತ್ರಿ ಗೋಡೆಗೆ ಎರಡೇಟು ಹಾಕು, ಕೇಳೋ ಹಾಗೆ ಹೇಳ್ತೀನಿ ಅಂತ."

"ನಂಗ್ಯಾಕೆ ಹೇಳ್ಲಿಲ್ಲ ಅವರು?"

"ನೀವು ಬೈಯೋದು ಅವರಿಗೆ ಇಷ್ಟ. ಅವಳು ಹೀಗೆ ಬೈದು ಮಲಗಿದ್ರೆ ಚೆನ್ನಾಗಿ ನಿದ್ದೆ ಮಾಡ್ತಾಳೆ ಅಂತಿದ್ರು." ಬೀಗದವನು ಕೆಮ್ಮಿದ. "ಕತೆ ಬಸ್ಸಿಂದ ಶುರುವಾಗಲ್ಲ. ಮೊದಲನೇ ಮಾತು ಹೀಗೆ: ಒಬ್ಬ ಮನುಷ್ಯ ಮನೆ ಸೇರಿ, ಶೂ ಬಿಚ್ಚಿ, ಹೆಂಡತಿ ಪಕ್ಕ ಕಂಬಳಿಯೊಳಗೆ ಕಾಲು ತೂರಿಸಿ, ತಾನು ನಡ್ಕೊಂಡು ಬಂದದ್ದನ್ನ ಅವಳಿಗೆ ಹೇಳೋಕೆ ಶುರು ಮಾಡಿದ."

ಹೊರಗಿದ್ದವರ ಉಸಿರು ಚಳಿಗೆ ಹೊಗೆಯಾಗಿ ನಿಂತಿತ್ತು. ಮಗಳು ಸೋದರತ್ತೆಯ ಮುಖ ನೋಡಿದಳು, ಸೋದರತ್ತೆ ಇವಳ ಮುಖ ನೋಡಿದಳು. ಇಬ್ಬರೂ ಆ ಹೊತ್ತಿಗೆ ಕಂಬಳಿ ಎಳೆದಾಡುತ್ತಿದ್ದವರೇ. ಬೀಗದವನು ಪಕ್ಕದ ಮನೆಗೆ ಬರುವ ಮೊದಲು ಅಜ್ಜಿಯೂ ಅದನ್ನೇ ಮಾಡುತ್ತಿದ್ದಳು.

"ಮೊದಲೇ ಮನೆ ಸೇರಿಬಿಟ್ಟಿದ್ನಾ?" ಅಜ್ಜಿಯ ದನಿ ಸಣ್ಣಗಾಗಿತ್ತು.

"ಮೊದಲೇ."

"ಅವರು ಹೋದ ರಾತ್ರಿ ನಾನು ಮಲಗಿಬಿಟ್ಟೆ ಕಣಯ್ಯ."

"ಗೊತ್ತು. ನಿಮ್ಮ ಗೊರಕೆ ಕೇಳಿಸ್ತು. ಅದಾದ್ಮೇಲೆ ಅವರ ಕಡೆಯಿಂದ ಗೋಡೆಗೆ ಬಡಿದ್ರು, ಮೆಲ್ಲಗೆ. 'ಮಲಗಿದ್ಲು ಕಣೋ' ಅಂದ್ರು. ಕೆಲಸ ಮುಗಿಸಿ ಮನೆಗೆ ಹೊರಡೋರ ದನಿ ಇರುತ್ತಲ್ಲ, ಹಾಗಿತ್ತು. ಆಮೇಲೆ ಅವರೂ ಆಕಳಿಸಿದ್ರು."

ಒಳಗಿನಿಂದ ಮೂಗು ಸೀಟಿದ ಸದ್ದು ಬಂತು. ಆಮೇಲೆ ಅಜ್ಜಿ ಕೇಳಿದಳು. "ಬೀಗದ ಕೈ ಇರ್ಲಿಲ್ಲವಲ್ಲಯ್ಯ. ಅವನು ಒಳಗೆ ಹೇಗೆ ಹೋದ?"

"ಅದು ನಾನು ಕೇಳಿಲ್ಲ. ನಾನೂ ಸೇತುವೆ ದಾಟಿದವನಲ್ಲ. ಆದ್ರೆ ನಾನು ಬೀಗದವನು, ನಂಗೆ ಗೊತ್ತು. ಕೈ ಕಳೆದಿದೆ, ಬೀಗ ಒಡೆದಿಲ್ಲ, ಮನುಷ್ಯ ಒಳಗಿದಾನೆ. ಅಂದ್ರೆ ಒಂದೇ ದಾರಿ ಅಮ್ಮಾವ್ರೇ. ಒಳಗಿದ್ದೋರು ತೆಗೆದಿರ್ಬೇಕು."

ಗಂಜಿಯಕ್ಕ ಕೋಟನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಒಳಗೆ ಯಾರೋ ಗೋಡೆ ಹಿಡಿದು ಎದ್ದು ನಿಂತ ಸದ್ದಾಯಿತು. ಬೀಗದಲ್ಲಿ ಕೈ ತಿರುಗಿತು.

*

ಹೊದಿಕೆ ಇನ್ನೂ ಬೆಚ್ಚಗಿತ್ತು, ಅದನ್ನು ಮುಟ್ಟಿ ನೋಡಿದವರು ನಾಲ್ಕು ಜನ ಇದ್ದಾರೆ, ನನ್ನ ಮಾತು ಬೇಡ, ಅವರನ್ನೇ ಕೇಳಿ. ಅಜ್ಜಿ ಒಂದು ತುದಿ ಹಿಡಿದಳು, ಗಂಜಿಯಕ್ಕ ಇನ್ನೊಂದು ತುದಿ. ಒಂದೂ ಸುಕ್ಕಿಲ್ಲದ ಹಾಗೆ ಅಜ್ಜನ ಗದ್ದದ ತನಕ ಎಳೆದರು.

ಗಾಡಿಯಲ್ಲಿ ಅಜ್ಜಿ, "ಸೇತುವೆ ಮೇಲೆ ಹೋಗಪ್ಪಾ," ಅಂದಳು ಡ್ರೈವರನಿಗೆ. "ಸುತ್ತು ಆಗುತ್ತೆ," ಅಂದ ಅವನು, ಆದರೆ ಅದೇ ದಾರಿಯಲ್ಲಿ ಹೋದ. ಸ್ಮಶಾನದ ಗೇಟಿನವನು ಒಂದೂಕಾಲಾದರೂ ಬಾಗಿಲು ತೆರೆದಿಟ್ಟುಕೊಂಡು, ಕೈ ಉಜ್ಜುತ್ತ ನಿಂತಿದ್ದ. ಅಜ್ಜಿ ಅವನ ಹೆಗಲು ತಟ್ಟಿ, "ಒಳ್ಳೇದಾಯ್ತು ಬಿಡು, ನೀನು ತೆಗೆದಿಟ್ಟಿದ್ದೆ," ಅಂದಳು. ಮಣ್ಣು ಹಾಕುವಾಗ ಅತ್ತಳು, ಆದರೆ ಮೂರು ದಿನದಿಂದ ಎದೆಯಲ್ಲಿದ್ದ ಕಲ್ಲನ್ನು ಇಳಿಸಿದವರ ಅಳು ಅದು. ಬರುವಾಗ ಬೇಕರಿಯ ಮುಂದೆ ಗಾಡಿ ನಿಲ್ಲಿಸಿ ಎಲ್ಲರಿಗೂ ಬಿಸಿ ಬ್ರೆಡ್ಡು ಕೊಡಿಸಿದಳು. ಒಂದನ್ನು ಬೀಗದವನ ಕೈಗೆ ತುರುಕಿ, "ತಿನ್ನು. ಹದಿನೇಳು ವರ್ಷ ಬೈಸ್ಕೊಂಡಿದೀಯಾ," ಅಂದಳು.

"ಅಭ್ಯಾಸ ಆಗಿಬಿಟ್ಟಿದೆ," ಅಂದ ಅವನು.

ಅವತ್ತು ಕತ್ತಲಾದ ಮೇಲೆ ಅಜ್ಜಿ, ಮಗಳು, ಅಜ್ಜನ ತಂಗಿ, ಮೂವರೂ ಅದೇ ಮಂಚಕ್ಕೆ ಬಿದ್ದರು. ಯಾರೂ ಕಂಬಳಿ ಎಳೆಯಲಿಲ್ಲ. ಕಾಯುತ್ತಿದ್ದರು. ಗೋಡೆಯಾಚೆ ಮಂಚ ಕಿರುಗುಟ್ಟಿತು, ಆದರೆ ಏಟು ಬೀಳಲಿಲ್ಲ. ಹೇಗೆ ಬಿದ್ದೀತು, ಶುರು ಮಾಡುವವನೇ ಇಲ್ಲವಲ್ಲ. ಆಗ ಅಜ್ಜಿ ಕೈ ಚಾಚಿ, ಅಜ್ಜ ತಲೆ ಆನಿಸಿ ಆನಿಸಿ ಎಣ್ಣೆಗಪ್ಪಾಗಿದ್ದ ಜಾಗಕ್ಕೆ, ತಾನೇ ಬಡಿದಳು. ಠಕ್, ಠಕ್.

ಆ ಕಡೆ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ ತುಕ್ಕು ಹಿಡಿದ ದನಿಯೊಂದು, ತಡವರಿಸುತ್ತ, ಒಬ್ಬ ಮನುಷ್ಯನನ್ನು ಮನೆ ಸೇರಿಸಿತು, ಶೂ ಬಿಚ್ಚಿಸಿತು. ಕೊನೆ ತನಕ ಕೇಳಿಯೇ ತೀರುತ್ತೇನೆಂದು ಮಗಳು ತೊಡೆ ಚಿವುಟಿಕೊಂಡಳು. ಬಸ್ ತಪ್ಪಿತು. ಪಕ್ಕಕ್ಕೆ ತಿರುಗಿ ನೋಡಿದಳು. ಅಮ್ಮನ ಬಾಯಿ ಅರ್ಧ ತೆರೆದಿತ್ತು, ಹಣೆಯ ಗೆರೆಗಳೆಲ್ಲ ಇಸ್ತ್ರಿ ಹಾಕಿದ ಹಾಗೆ ನೇರವಾಗಿದ್ದವು, ಒಂದು ಕೈ ಇನ್ನೂ ಗೋಡೆಯ ಮೇಲಿತ್ತು.

ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ. ಅಷ್ಟು ಹೊತ್ತಿಗೆ ಬೇಕರಿ ಬಂದಿತ್ತು. ನೀವು ಪೂರ್ತಿ ಎಚ್ಚರವಾಗಿ ಕೇಳಿದಿರಿ ಅನ್ನುವುದಾದರೆ, ಕಂಬಳಿ ಎಳೆದಾಡುವುದನ್ನು ಬಿಟ್ಟು, ಹಿಂದಕ್ಕೆ ಪುಟ ತಿರುಗಿಸದೆ, ನಾನು ಆಡಿದ ಮೊದಲನೇ ಮಾತು ಏನಿತ್ತು, ಎಲ್ಲಿ ಹೇಳಿ ನೋಡೋಣ.