ಎರಡನೇ ಗೆರೆ

ಹೊಳಲ್ಕೆರೆಯ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷ ಮುದ್ದೆ ತಿರುವಿದ ಕೊಟ್ರಮ್ಮನನ್ನು ಒಂದು ಬೆಳಿಗ್ಗೆ ಹೊರಗೆ ಹಾಕಿದರು. ಆರೋಗ್ಯ ಶಿಬಿರದಲ್ಲಿ ಬೆರಳು ಚುಚ್ಚಿ ರಕ್ತ ಬಿಟ್ಟ ಕಾರ್ಡಿನ ಮೇಲೆ ಒಂದು ಗೆರೆ ಮೂಡಬೇಕಾದಲ್ಲಿ ಎರಡು ಮೂಡಿದ್ದವು. ಹೆಪಟೈಟಿಸ್ ಬಿ ಎಂದರು. ಹಾಸ್ಟೆಲಿನ ಕಾರ್ಯದರ್ಶಿ ಮುರುಗಪ್ಪ ಅವಳು ಮುಟ್ಟಿದ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಹಾಕಿಸಿ, ಮಕ್ಕಳೆದುರಿಗೇ ಬೂದಿ ಹಾಕಿ ತಿಕ್ಕಿಸಿದ.

ಚಿತ್ರದುರ್ಗದ ದೊಡ್ಡ ಲ್ಯಾಬಿನಲ್ಲಿ ಇನ್ನೊಂದು ಪರೀಕ್ಷೆ ಮಾಡಿದ ಉಷಾರಾಣಿ, "ನಿಮಗೇನೂ ಇಲ್ಲ ಕಣಮ್ಮ" ಎಂದಳು. "ಆ ಕಾರ್ಡು ಬರೀ ಜರಡಿ ಇದ್ದಂಗೆ. ಗಟ್ಟಿಮುಟ್ಟಾದ ನೂರು ಜನಕ್ಕೆ ಹಾಕಿದ್ರೂ ಒಬ್ರಿಗೋ ಇಬ್ರಿಗೋ ಸುಳ್ಳು ಗೆರೆ ಬರ್ತೈತೆ. ಊಟದಿಂದ ಹರಡೋ ಕಾಯ್ಲೆನೂ ಅಲ್ಲ ಇದು."

"ಆ ಸುಳ್ಳು ಗೆರೆ ಯಾರಿಗ್ ಬೇಕಾದ್ರೂ ಬರ್ತೈತಾ?"

"ಯಾರಿಗ್ ಬೇಕಾದ್ರೂ."

ವಾಪಸು ಬರುವ ಬಸ್ಸಿನಲ್ಲಿ ಕೊಟ್ರಮ್ಮ ಮುರುಗಪ್ಪನ ಮನೆಮಂದಿಯನ್ನೂ ಅವನ ಅಡಿಕೆ ಮಂಡಿಯ ಆಳುಗಳನ್ನೂ ಬೆರಳು ಮಡಚಿ ಎಣಿಸಿದಳು. ನೂರು ದಾಟಿತು.

ಮಂಡಿ ಬಾಗಿಲಲ್ಲಿ, ಜನ ಸೇರಿದ ಹೊತ್ತಲ್ಲೇ, ರಿಪೋರ್ಟು ಮುಂದೆ ಹಿಡಿದಳು. ಮುರುಗಪ್ಪ ಅದನ್ನು ಮುಟ್ಟಲಿಲ್ಲ. "ಕಾರ್ಡು ಸುಳ್ಳು ಹೇಳ್ತೈತೇನೇ? ಹೋಗ್ ಹೋಗು."

"ಹಂಗಾದ್ರೆ ನಿಮ್ಮ ಮನೆಯೋರಿಗೆ, ಮಂಡಿಯೋರಿಗೆ ಎಲ್ಲಾರಿಗೂ ಹಾಕ್ಸಿ ನೋಡ್ರಿ ಯಜಮಾನ್ರೇ. ಅಂಜಿಕೆನಾ?"

ಯಾರೋ ಕಿಸಕ್ಕೆಂದರು. ಮುರುಗಪ್ಪನ ಮೀಸೆ ಅದುರಿತು. "ನಮ್ಮಲ್ಲಿ ಒಬ್ರಿಗೂ ಬರಾಕಿಲ್ಲ. ನಾಳೇನೇ ಶಿಬಿರ ಹಾಕಿಸ್ತೀನಿ, ಬಂದು ನೋಡು!"

ನೂರಾ ಹದಿನೆಂಟು ಕಾರ್ಡುಗಳಲ್ಲಿ ಎರಡಕ್ಕೆ ಎರಡನೇ ಗೆರೆ ಬಂತು. ಒಂದು ಹಮಾಲಿ ಅಜ್ಜಪ್ಪನದು. ಇನ್ನೊಂದು ಮುರುಗಪ್ಪನ ಹೆಂಡತಿ ಅನ್ನಪೂರ್ಣಮ್ಮನದು.

ಚಿತ್ರದುರ್ಗದ ಪರೀಕ್ಷೆಯಲ್ಲಿ ಇಬ್ಬರಿಗೂ ಏನೂ ಇಲ್ಲವೆಂದು ಬಂದರೂ ಬೀಗರು ಅನ್ನಪೂರ್ಣಮ್ಮ ಕೊಟ್ಟ ಕಾಫಿ ಲೋಟವನ್ನು ಹಾಗೇ ಬಿಟ್ಟು ಎದ್ದರು. ಆಕೆ ಕೊಟ್ರಮ್ಮನಿಗೆ ಯಾವತ್ತೂ ಕೆಡುಕು ಬಯಸಿದವಳಲ್ಲ. ಆದರೂ ಸುದ್ದಿ ಕೇಳಿದ ಕೊಟ್ರಮ್ಮ ಸಮಾಧಾನ ಹೇಳಲು ಹೋಗಲಿಲ್ಲ.

ಹೆಂಡತಿಯ ಮೇಲೆ ಬಂದ ಮಾತು ಅಳಿಸಲು ಭಾನುವಾರ ಮುರುಗಪ್ಪ ಮಕ್ಕಳ ಪೋಷಕರನ್ನೂ ತನ್ನ ನೆಂಟರನ್ನೂ ಹಾಸ್ಟೆಲಿಗೆ ಕರೆಸಿದ. ಕೊಟ್ರಮ್ಮ ಎಲ್ಲರಿಗಿಂತ ಮುಂದೆ ಕುಳಿತಳು.

"ಕಾರ್ಡು ಒಂದೊಂದ್ಸಲ ತಪ್ಪು ತೋರಿಸ್ತೈತೆ" ಎಂದ ಮುರುಗಪ್ಪ. "ನಮ್ಮನೆಯೋಳಿಗೆ ಏನೂ ಇಲ್ಲ."

"ನಂಗೆ?"

ಅವನು ನೆಲ ನೋಡಿದ. "ಕೊಟ್ರಮ್ಮಂಗೂ ಇಲ್ಲ."

"ಹಿಂದಿನೋರಿಗೆ ಕೇಳ್ಸಲಿಲ್ಲ. ಗಟ್ಟಿಯಾಗಿ ಹೇಳ್ರಿ."

ಅವನು ಗಟ್ಟಿಯಾಗಿ ಹೇಳಿದ. ಅವಳು ಮೂರು ಸಲ ಹೇಳಿಸಿದಳು.