ತಪ್ಪು ಕೋಣೆಗೆ ಹೋದ ಅಕ್ಕ-ತಮ್ಮ

ಅಕ್ಕ ಬಟ್ಟೆ ಕತ್ತರಿಸುವವಳು, ತಮ್ಮ ಹೊಲಿಯುವವನು. ಅಪ್ಪ ಬಿಟ್ಟುಹೋದ ಟೈಲರ್ ಅಂಗಡಿಯಲ್ಲಿ ಇಬ್ಬರಿಗೂ ಸೇರಿ ಒಂದೇ ಉದ್ದನೆಯ ಮೇಜು. ಯಾರೋ ಗಿರಾಕಿಯ ಕೋಟು ಕೆಟ್ಟಿತು. ಕತ್ತರಿಯ ತಪ್ಪೋ ಸೂಜಿಯ ತಪ್ಪೋ ಎಂದು ಶುರುವಾದ ಜಗಳ ಕೋರ್ಟಿನವರೆಗೂ ಬೆಳೆದು ಅಂಗಡಿಗೆ ಬೀಗ ಬಿತ್ತು. ಮೇಜನ್ನು ಗರಗಸದಲ್ಲಿ ನಡುವೆ ಕೊಯ್ದು ಹಂಚಿಕೊಡಿ ಎಂದು ಇಬ್ಬರೂ ಕೇಳಿಕೊಂಡಿದ್ದರು. ಇಂಥ ಹಟಕ್ಕೆ ಏನು ಹೇಳೋಣ!

ರಾಜಿ ಮಾಡಿಸುವುದು ನನ್ನ ಕೆಲಸ. ಆದರೆ ವೀಡಿಯೊದಲ್ಲಿ ಮಾಡಿಸುತ್ತಿರುವುದು ಇದೇ ಮೊದಲು. ಇವತ್ತು ಒಪ್ಪಂದವಾಗದಿದ್ದರೆ ಪ್ರಕರಣ ಕೋರ್ಟಿಗೆ ವಾಪಸ್ಸು, ಮೇಜು ಎರಡು ತುಂಡು, ಅಪ್ಪನ ಅಂಗಡಿಗೆ ಎಳ್ಳುನೀರು. ಲ್ಯಾಪ್‌ಟಾಪ್ ಎತ್ತರವಾಗಲೆಂದು ಕೆಳಗೊಂದು ದಪ್ಪ ಕಾನೂನು ಪುಸ್ತಕ ಇಟ್ಟು ಕೂತೆ. ಕೊಂಡ ಮೇಲೆ ಆ ಪುಸ್ತಕ ಮೊದಲ ಸಲ ಉಪಯೋಗಕ್ಕೆ ಬಂತು.

ಪರದೆಯ ಮೇಲೆ ನಾಲ್ಕು ಮುಖ: ಅಕ್ಕ, ತಮ್ಮ, ಇಬ್ಬರ ವಕೀಲರು. ಮಾತೆಲ್ಲ ವಕೀಲರದೇ. ಅಕ್ಕ-ತಮ್ಮ ಎಣ್ಣೆ-ಸೀಗೆಕಾಯಿಯಂತೆ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಇದು ಹೀಗೆ ಬಗೆಹರಿಯುವುದಲ್ಲ ಎನಿಸಿ, ಒಬ್ಬೊಬ್ಬರನ್ನು ಅವರವರ ವಕೀಲರ ಜೊತೆ ಬೇರೆ ಕೋಣೆಗೆ ಕಳಿಸಿದೆ. ಕೋಣೆ ಎಂದರೆ ಪರದೆಯ ಮೇಲಿನ ಕೋಣೆ. ಹೆಸರು ಗುರುತು ಮಾಡಿ ಗುಂಡಿ ಒತ್ತಿದರೆ ಸಾಕು. ಒಂದು ಕೋಣೆಯವರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ.

ನೀರು ಕುಡಿದು ಮೊದಲ ಕೋಣೆಗೆ ಹೊಕ್ಕೆ. ಒಳಗೆ ವಕೀಲರಿಬ್ಬರೂ ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದರು.

"ಮೇಡಂ, ನಮ್ಮ ಕಕ್ಷಿದಾರರು ಎಲ್ಲಿ?"

ಅಯ್ಯೋ, ನನ್ನ ಕರ್ಮವೇ! ಹಾವು ಮುಂಗುಸಿ ಎರಡನ್ನೂ ಒಂದೇ ಕೋಣೆಗೆ ಹಾಕಿದ್ದೆ! ಅಷ್ಟರಲ್ಲಿ ಯಾವ ಮಾತು ಆಡಿಕೊಂಡರೋ, ಯಾವ ಶಾಪ ಹಾಕಿಕೊಂಡರೋ! ಎದ್ದೆನೋ ಬಿದ್ದೆನೋ ಎಂದು ಇನ್ನೊಂದು ಕೋಣೆಗೆ ಹಾರಿದೆ.

ಅಕ್ಕ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದಿದ್ದಳು. ನಾನು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಏನೋ ಅದು ಕಾಲರ್ರು? ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಯಾರೋ ಕತ್ತರಿಸಿದ್ದು?"

"ನಾನೇ."

"ಅದೇ ಅಂದ್ಕೊಂಡೆ. ಹಾಕ್ಕೊಂಡು ವಕೀಲರ ಮುಂದೆ ಬೇರೆ ಕೂತಿದ್ದೀಯ, ಅಪ್ಪನ ಮರ್ಯಾದೆ ತೆಗೆಯೋಕೆ."

"ನಿನ್ನ ತೋಳು ನೋಡ್ಕೋ ಅಕ್ಕ ಮೊದ್ಲು. ಹೊಲಿಗೆ ಹಾವು ಹರಿದ ಹಾಗಿದೆ."

ಅಕ್ಕ ತೋಳು ನೋಡಿಕೊಂಡಳು. ತಡೆಯಲಾರದೆ ಕಿಸಕ್ಕೆಂದಳು. ತಮ್ಮನೂ ನಕ್ಕ. ನಗುತ್ತಲೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಆ ಕೋಟು ಕತ್ತರಿಸುವಾಗ ನಂಗೆ ಜ್ವರ ಇತ್ತು ಕಣೋ," ಎಂದಳು ಅಕ್ಕ.

"ಗೊತ್ತಿತ್ತು. ಹೊಲಿಯೋ ಮೊದ್ಲು ನಾನಾದ್ರೂ ಅಳತೆ ನೋಡ್ಬೇಕಿತ್ತು."

ನನಗೆ ಕುಣಿದಾಡುವಷ್ಟು ಖುಷಿ. ಕೂತಲ್ಲೇ ಮುಷ್ಟಿ ಬಿಗಿಹಿಡಿದೆ. ಎಲ್ಲಿ ಕೆಮ್ಮಿ ಕೆಡಿಸಿಬಿಡುತ್ತೇನೋ ಎಂದು ಉಸಿರನ್ನೂ ಮೆಲ್ಲಗೆ ಬಿಟ್ಟೆ.

"ಮೇಜು ಕೊಯ್ಸೋದು ಬೇಡ ಅಕ್ಕ."

"ಕೊಯ್ಸು ಅಂದೋರು ಯಾರು?"

"ನೀನೇ ಅಲ್ವಾ?"

"ನೀನು ಅಂದೆ ಅಂತ ನಾನೂ ಅಂದೆ."

ಈ ಜನ್ಮದಲ್ಲಿ ಇದಕ್ಕಿಂತ ಒಳ್ಳೆಯ ಹೇಳಿಕೆ ನಾನು ದಾಖಲಿಸಲಾರೆ. ಆದರೆ ನನ್ನ ಅವಸರದ ಕೈ ಸುಮ್ಮನಿರಬೇಕಲ್ಲ! ಎಲ್ಲರನ್ನೂ ಮತ್ತೆ ಒಂದೆಡೆ ಸೇರಿಸಿದೆ. ಸೇರಿಸಿದ್ದೇ ತಡ, ಅಕ್ಕನ ವಕೀಲರು ಗಂಟಲು ಸರಿಮಾಡಿಕೊಂಡರು.

"ಮೇಜಿನ ವಿಷಯದಲ್ಲಿ ನಮ್ಮ ಕಕ್ಷಿದಾರರ ನಿಲುವು ಬದಲಾಗಿಲ್ಲ."

ಅಕ್ಕ-ತಮ್ಮನ ಮುಖ ಒಟ್ಟಿಗೇ ಸಪ್ಪಗಾಯಿತು. ಆಗ ತಮ್ಮ ಕೈ ಎತ್ತಿದ.

"ಮೇಡಂ, ವಕೀಲರಿಬ್ಬರನ್ನೂ ಮತ್ತೆ ಅದೇ ಕೋಣೆಗೆ ಕಳಿಸ್ತೀರಾ? ನಾನೂ ಅಕ್ಕನೂ ಮಾತಾಡೋದು ಇನ್ನೂ ಮುಗಿದಿಲ್ಲ."

ಅಕ್ಕ ಹೌದೆಂದು ಜೋರಾಗಿ ತಲೆಯಾಡಿಸಿದಳು. ವಕೀಲರು ಬಾಯಿ ತೆರೆಯುವ ಮೊದಲೇ ಗುಂಡಿ ಒತ್ತಿದೆ. ಈ ಸಲ ಬೇಕೆಂದೇ ಒತ್ತಿದೆ.