ಜಾವಳಿಯಿಂದ ಹೊರಟ ಅರ್ಜಿ

ಹತ್ತು ವರ್ಷದಿಂದ 'ಏ ದೇವೀರಿ' ಎಂದೇ ಕೂಗುತ್ತಿದ್ದ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುಬ್ಬಣ್ಣ ಆ ಬೆಳಿಗ್ಗೆ 'ದೇವೀರಮ್ಮಾ, ಬಾರಮ್ಮ' ಎಂದ. ಅಲ್ಲಿಗೇ ಅವಳಿಗೆ ಅನುಮಾನ ಹತ್ತಿತು.

ಅದು ೧೯೩೮. ಮೈಸೂರು ಸಂಸ್ಥಾನದ ಆಡಳಿತದ ಕಟ್ಟುಪಾಡು ಬದಲಾಯಿಸಬೇಕೋ ಬೇಡವೋ ಎಂದು ವಿಚಾರಿಸಲು ಬೆಂಗಳೂರಿನಲ್ಲಿ ಸಮಿತಿಯೊಂದು ಕೂತಿತ್ತು. ಜಾವಳಿಯ ರುದ್ರಪ್ಪನವರ ಎಸ್ಟೇಟಿನಿಂದಲೂ ಅದಕ್ಕೊಂದು ಅರ್ಜಿ ತಯಾರಾಗಿತ್ತು. ಕಾಫಿ ಒಣಗಿಸುವ ಕಣದಲ್ಲಿ ಮೇಜು ಹಾಕಿಕೊಂಡು ಸುಬ್ಬಣ್ಣ ಆಳುಗಳ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ದೇವೀರಮ್ಮನ ಗಂಡ ಭೂತಯ್ಯ ಆಗಲೇ ಒತ್ತಿ, ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

"ಏನು ಬರ್ದಿದೆ ಅಯ್ಯಾ, ಇದ್ರಲ್ಲಿ?" ಎಂದು ಕೇಳಿದಳು ದೇವೀರಮ್ಮ.

"ಮಹಾರಾಜ್ರು ಚೆನ್ನಾಗಿರ್ಲಿ, ನಾವೂ ಚೆನ್ನಾಗಿರ್ಲಿ ಅಂತ."

"ಅಷ್ಟೇನಾ? ಹಾಳೆ ತುಂಬಾ ಅಕ್ಷರ ಇದೆಯಲ್ಲ?"

ಸುಬ್ಬಣ್ಣ ಕೆಮ್ಮಿ, ಮತ್ತೊಮ್ಮೆ ಓದಿದ. ಈ ಸಲದ ಓದಿನಲ್ಲಿ ಮಳೆ ಬಂತು, ಬೆಳೆ ಬಂತು, ಮಹಾರಾಜರು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ರುದ್ರಪ್ಪನವರ ಹೆಂಡತಿ ತುಂಗಮ್ಮ, ಸಿಪ್ಪೆ ಸುಲಿದು ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿ ನೋಡಲು ಕಣಕ್ಕೆ ಬಂದರು. ದೇವೀರಮ್ಮ ಹಾಳೆಯನ್ನು ಅವರ ಮುಂದೆ ಹಿಡಿದಳು. "ಅಮ್ಮಾವ್ರೇ, ನೀವೊಂಚೂರು ಓದಿ ಹೇಳ್ತೀರಾ?"

ಧಣಿಗಳ ಹೆಂಡತಿ, ನಿಜ ಹೇಳುತ್ತಾರೆಂದು ನಂಬುವುದು ಹೇಗೆ? ದೇವೀರಮ್ಮ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ತುಂಗಮ್ಮ ಗಟ್ಟಿಯಾಗಿಯೇ ಶುರು ಮಾಡಿದರು. ಬರಬರುತ್ತಾ ದನಿ ಇಳಿಯಿತು. "ಈಗಿನ ಆಡಳಿತವೇ ನಮಗೆ ಸಾಕು... ಆಳುಗಳಾದ ನಮಗೆ ಮತ ಹಾಕುವ ತಿಳಿವಳಿಕೆ ಇಲ್ಲ. ಆ ಹಕ್ಕು ಜಮೀನುಳ್ಳವರಿಗೇ ಇರಲಿ."

ಹಾಳೆಯನ್ನು ಮೇಜಿನ ಮೇಲಿಟ್ಟು, ಪಾರ್ಚ್‌ಮೆಂಟ್ ನೋಡದೆಯೇ ಒಳಗೆ ಹೋಗಿಬಿಟ್ಟರು.

"ನನ್ ಹೆಬ್ಬೆಟ್ಟು ಅಳಿಸಿ" ಎಂದ ಭೂತಯ್ಯ.

"ಒತ್ತಿದ್ಮೇಲೆ ಮುಗೀತು ಮಾರಾಯ."

ಭೂತಯ್ಯ ಬೆರಳನ್ನು ಮಸಿಗೆ ಅದ್ದಿ, ತನ್ನ ಗುರುತಿನ ಮೇಲೆ ಕಪ್ಪಾಗುವ ತನಕ ತಿಕ್ಕಿದ. ಆಗಲೇ ಒತ್ತಿದ್ದವರು ಒಬ್ಬೊಬ್ಬರೇ ಮುಂದೆ ಬಂದು ಹಾಗೇ ಮಾಡಿದರು; ಇನ್ನೂ ಒತ್ತದವರು ಅಕ್ಷರಗಳ ಮೇಲೇ ಮಸಿ ತಿಕ್ಕಿದರು. ಸುಬ್ಬಣ್ಣ ಹಾಳೆ ಕಸಿದುಕೊಳ್ಳುವ ಹೊತ್ತಿಗೆ ಅದರಲ್ಲಿ ಓದುವುದಕ್ಕೆ ಏನೂ ಉಳಿದಿರಲಿಲ್ಲ.

ರುದ್ರಪ್ಪನವರು ಬೇರೆ ಅರ್ಜಿ ಬರೆಸಿ, ಅಕ್ಕಪಕ್ಕದ ಪ್ಲಾಂಟರುಗಳ ಸಹಿ ಹಾಕಿಸಿ ಕಳಿಸಿದರು. ಭೂತಯ್ಯ, ದೇವೀರಮ್ಮ ಇಬ್ಬರನ್ನೂ ತೋಟದಲ್ಲಿ ಹಳ್ಳದ ಪಕ್ಕದ, ಜಿಗಣೆ ತುಂಬಿದ ಕಡಿದಾದ ತಾಕಿಗೆ ಕಳೆ ತೆಗೆಯಲು ಹಾಕಿದರು.

ಅಲ್ಲಿ ಮೂರನೇ ದಿನ ಭೂತಯ್ಯ ಕೇಳಿದ: "ಮತ ಅಂದ್ರೆ ಏನೇ?"

"ನಂಗೂ ಗೊತ್ತಿಲ್ಲ" ಎಂದಳು ದೇವೀರಮ್ಮ, ಕಾಲಿಗೆ ಹತ್ತಿದ್ದ ಜಿಗಣೆ ಕೀಳುತ್ತಾ. "ನಮಗೆ ಬೇಡ ಅಂತ ಬರೆಸೋಕೆ ಅಷ್ಟೊಂದು ಒದ್ದಾಡಿದ್ರಲ್ಲ, ಒಳ್ಳೇದೇ ಇರ್ಬೇಕು."